ಮೂರನೇ ಸೆಮಿಸ್ಟರ್ ಮುಗಿದ ಮೇಲೆ

ಪದವಿ ಓದುವ ಮಕ್ಕಳ ಮನೆಯವರು ಕಾಲೇಜಿನ ಮೆಟ್ಟಿಲು ಹತ್ತುವುದು ಹೆಸರು ಹಚ್ಚುವ ದಿನ. ಆಮೇಲೆ ಅವರು ವಿಚಾರಿಸುವುದು ಕೊನೆಯ ಮಾರ್ಕ್ಸ್ ಕಾರ್ಡ್ ಕೈಗೆ ಬಂದಾಗ. ನಡುವಿನ ಕಾಲದಲ್ಲಿ ಹುಡುಗ ಏನಾಗುತ್ತಿದ್ದಾನೆ, ಹುಡುಗಿ ಏನು ಯೋಚನೆ ಮಾಡುತ್ತಿದ್ದಾಳೆ ಎಂದು ಕೇಳುವವರು ಮುಂಡರಗಿಯಲ್ಲೂ ಕಡಿಮೆ, ಬೆಂಗಳೂರಿನಲ್ಲೂ ಕಡಿಮೆ. ನಾನು ಮುಂಡರಗಿಯ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಇತಿಹಾಸ ಹೇಳುತ್ತೇನೆ. ಇಷ್ಟು ವರ್ಷ ಮಕ್ಕಳನ್ನು ನೋಡಿದ ಮೇಲೆ ಒಂದು ಮಾತು ನನ್ನೊಳಗೆ ಗಟ್ಟಿಯಾಗಿದೆ. ಅವರು ಬದಲಾಗುವುದು ಮೊದಲ ದಿನವೂ ಅಲ್ಲ, ಕೊನೆಯ ಪರೀಕ್ಷೆಯ ದಿನವೂ ಅಲ್ಲ. ಮೂರನೇ ಸೆಮಿಸ್ಟರ್ ಮುಗಿದು ನಾಲ್ಕನೆಯದು ಶುರುವಾಗುವ ಹೊತ್ತಿಗೆ, ಅಂದರೆ ಸರಿಯಾಗಿ ನಡುವಿನಲ್ಲಿ, ಯಾರೂ ನೋಡದಿರುವಾಗ ಬದಲಾಗುತ್ತಾರೆ.

ಈ ನಡು ಎಂಬುದು ನಮ್ಮ ರಾಜ್ಯದಲ್ಲಿ ಇತ್ತೀಚೆಗೆ ಎರಡು ಸಲ ಜಾಗ ಬದಲಿಸಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಎಂದಿತ್ತು. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟು, ಆ ವರ್ಷ ಸೇರಿದವರಿಂದ ಮತ್ತೆ ಮೂರು ವರ್ಷಕ್ಕೆ ತಂದಿತು. ನಡುವೆ ಬಿಟ್ಟುಹೋಗುವ ಬಾಗಿಲನ್ನು ಮುಚ್ಚಿದ್ದು ನಮ್ಮಂಥ ಊರಿನ ಮಟ್ಟಿಗೆ ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಬಿಡುವುದಕ್ಕೆ ಕಾರಣ ಹುಡುಕಬೇಕಾಗಿಯೇ ಇಲ್ಲ. ಉಳಿಯುವುದಕ್ಕೆ ಕಾರಣ ಬೇಕು.

ನಮ್ಮಲ್ಲಿಗೆ ಬರುವವರು ಡೋಣಿ, ಡಂಬಳ, ಹಿರೇವಡ್ಡಟ್ಟಿ, ಹಮ್ಮಿಗಿ, ಕೊರ್ಲಹಳ್ಳಿ, ಬಿದರಹಳ್ಳಿ ಕಡೆಯ ಮಕ್ಕಳು. ಕಪ್ಪತಗುಡ್ಡದ ಬುಡದವರು ಕೆಲವರು, ತುಂಗಭದ್ರೆಯ ದಂಡೆಯವರು ಕೆಲವರು. ಬಹಳ ಜನ ತಮ್ಮ ಮನೆತನದಲ್ಲಿ ಪದವಿಯ ಪುಸ್ತಕ ಹಿಡಿದ ಮೊದಲಿಗರು. ಅವರ ಅಪ್ಪ ಅವ್ವನಿಗೆ ಕಾಲೇಜು ಅಂದರೆ ಏನು, ಸೆಮಿಸ್ಟರ್ ಅಂದರೆ ಏನು ಎಂಬುದೇ ಹೊಸದು. ಹೀಗಾಗಿ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಪಾಸಾದೇನು?

ಅದಕ್ಕೇ ನಾಲ್ಕನೇ ಸೆಮಿಸ್ಟರಿನ ಮೊದಲ ವಾರ ನಾನು ಪಾಠ ತೆಗೆಯುವುದಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಕೊಡುತ್ತೇನೆ. ‘ಒಂದೂವರೆ ವರ್ಷದಾಗ ನಿನ್ನೊಳಗ ಏನು ಬದಲಾತು? ಮಾರ್ಕ್ಸ್ ಬರೀಬ್ಯಾಡ. ಹೆಸರೂ ಬರೀಬ್ಯಾಡ’ ಎಂದಷ್ಟೇ ಹೇಳುತ್ತೇನೆ. ಮೊದಲು ಪೆನ್ನು ಓಡುವುದಿಲ್ಲ. ‘ಏನ್ ಬರೀಬೇಕ್ರಿ ಮೇಡಂ?’ ಎಂದು ಒಬ್ಬೊಬ್ಬರಾಗಿ ಕೇಳುತ್ತಾರೆ. ಯಾರೂ ಅವರನ್ನು ಹೀಗೆ ಕೇಳಿರುವುದಿಲ್ಲ. ಹತ್ತು ನಿಮಿಷ ಬಿಟ್ಟರೆ ಸಾಕು, ಆಮೇಲೆ ಬೆಲ್ ಹೊಡೆದರೂ ಹಾಳೆ ಕೊಡಲು ಒಲ್ಲೆ ಅನ್ನುತ್ತಾರೆ.

ಹುಡುಗರ ಹಾಳೆಗಳಲ್ಲಿ ವರ್ಷವೂ ಬರುವ ಒಂದು ಸಂಗತಿ ನನಗೆ ಮೊದಮೊದಲು ಬೆಳವಣಿಗೆ ಅನ್ನಿಸಿರಲಿಲ್ಲ. ‘ಮನೀ ಕಾಗದಪತ್ರ ಎಲ್ಲಾ ಈಗ ನಾನ ನೋಡ್ತೀನಿ’ ಎಂದು ಬರೆಯುತ್ತಾರೆ. ಇದರ ಹಿಂದೆ ಏನಿದೆ ಎಂದು ಬಿಡಿಸಿ ನೋಡಬೇಕು. ಮೊದಲ ಸೆಮಿಸ್ಟರಿನಲ್ಲಿ ರೈತ ವಿದ್ಯಾನಿಧಿಗೆಂದು ಅಪ್ಪನೇ ಕೈಹಿಡಿದು ಆನ್‌ಲೈನ್ ಸೆಂಟರಿಗೆ ಕರೆದುಕೊಂಡು ಹೋಗಿರುತ್ತಾನೆ. ಬಿ.ಎ., ಬಿ.ಕಾಂ. ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು 2021ರಲ್ಲಿ ಶುರುವಾದ ಯೋಜನೆ ಅದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಬೇಕು, ಉತಾರದಲ್ಲಿ ಹೆಸರು ಸರಿ ಇರಬೇಕು, ಒಂದಕ್ಷರ ಆಚೀಚೆ ಆದರೂ ರೊಕ್ಕ ನಿಂತುಬಿಡುತ್ತದೆ. ಇದರ ಬೆನ್ನು ಹತ್ತಿ ತಹಸೀಲ್ದಾರ ಕಚೇರಿ, ರೈತ ಸಂಪರ್ಕ ಕೇಂದ್ರ, ಬ್ಯಾಂಕು ಎಂದು ಓಡಾಡಿದ ಹುಡುಗ ಮೂರನೇ ಸೆಮಿಸ್ಟರಿಗೆ ಬರುವಷ್ಟರಲ್ಲಿ ಅವ್ವನ ಗೃಹಲಕ್ಷ್ಮಿ, ರೇಷನ್ ಕಾರ್ಡಿನ ಇ-ಕೆವೈಸಿ, ಅಪ್ಪನ ಬೆಳೆ ವಿಮೆ ಎಲ್ಲ ತಾನೇ ನೋಡುತ್ತಿರುತ್ತಾನೆ. ಓಣಿಯ ಮಂದಿ ಅವನ ಮನೆ ಹುಡುಕಿಕೊಂಡು ಬರುತ್ತಾರೆ. ‘ಆಫೀಸಿನ್ಯಾಗ ನಿಂತು ಮಾತಾಡಾಕ ಮೊದ್ಲ ಕೈಕಾಲು ನಡಗ್ತಿದ್ದು, ಈಗ ಅರ್ಜಿ ನಂಬರ್ ಹೇಳಿ ಯಾಕ ತಡ ಆತು ಅಂತ ಕೇಳ್ತೀನಿ’ ಎಂದು ಒಬ್ಬ ಬರೆದಿದ್ದ. ರಾಜ್ಯಶಾಸ್ತ್ರದ ಯಾವ ಪಾಠವೂ ಕಲಿಸದ ನಾಗರಿಕತನ ಅದು. ಅದಕ್ಕೆ ಅಂಕವಿಲ್ಲ, ಇರಬೇಕಿತ್ತು.

ಕಾಲೇಜಿನ ವರ್ಷಗಳಲ್ಲಿ ಮಕ್ಕಳ ಯೋಚನೆ ಹೇಗೆ ಬದಲಾಗುತ್ತದೆ ಎಂಬುದನ್ನು ಪಟ್ಟು ಹಿಡಿದು ನೋಡಿದವರಲ್ಲಿ ಅಮೆರಿಕದ ವಿಲಿಯಂ ಪೆರಿ ಎಂಬ ಅಧ್ಯಾಪಕರ ಹೆಸರು ದೊಡ್ಡದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಪ್ರತಿ ವರ್ಷದ ಕೊನೆಗೆ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಈ ವರ್ಷದಲ್ಲಿ ನಿನಗೆ ಎದ್ದು ಕಂಡದ್ದು ಏನು ಎಂದು ಕೇಳಿ, ಅವರಷ್ಟಕ್ಕೆ ಮಾತಾಡಲು ಬಿಡುತ್ತಿದ್ದರು. ಅದರ ಮೇಲೆ 1970ರಲ್ಲಿ ಅವರ ಪುಸ್ತಕ ಬಂತು. ಅವರು ಕಂಡದ್ದು ಇಷ್ಟು: ಹೊಸದಾಗಿ ಬಂದ ವಿದ್ಯಾರ್ಥಿಗೆ ಪ್ರತಿ ಪ್ರಶ್ನೆಗೂ ಒಂದೇ ಸರಿಯುತ್ತರ ಇರುತ್ತದೆ, ಅದು ಮೇಷ್ಟ್ರ ಬಳಿ ಇರುತ್ತದೆ. ಸ್ವಲ್ಪ ಕಾಲ ಕಳೆದರೆ ದೊಡ್ಡವರಲ್ಲೇ ಒಮ್ಮತವಿಲ್ಲ ಎಂದು ಗೊತ್ತಾಗಿ, ಹಾಗಾದರೆ ಯಾರು ಏನಾದರೂ ಹೇಳಬಹುದು ಎನ್ನುವ ಹಂತಕ್ಕೆ ಬರುತ್ತಾನೆ. ಅದನ್ನೂ ದಾಟಿದರೆ ಯಾವ ಮಾತಿಗೆ ಯಾವ ಆಧಾರ ಎಂದು ತೂಗಿ ನೋಡಲು ಕಲಿಯುತ್ತಾನೆ. ಕೊನೆಗೆ, ಎಲ್ಲ ಗೊತ್ತಿಲ್ಲದಿದ್ದರೂ ಒಂದು ನಿಲುವು ತೆಗೆದುಕೊಂಡು ಅದರ ಹೊಣೆ ಹೊರುತ್ತಾನೆ.

ಇದನ್ನು ಓದಿದಾಗ ನನಗೆ ನಮ್ಮ ತರಗತಿಯ ಬೆಂಚುಗಳೇ ಕಂಡವು. 1858ರ ಬಂಡಾಯದ ಪಾಠ ನಮ್ಮ ಮಕ್ಕಳಿಗೆ ಮನೆಯ ಸುದ್ದಿ ಇದ್ದ ಹಾಗೆ. ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಇಬ್ಬರೂ ಇದೇ ನೆಲದವರು. ಡಂಬಳದ ಖಜಾನೆಗೆ ಕೈಹಾಕಿ, ಕೊಪ್ಪಳದ ಕೋಟೆ ಹಿಡಿದು, ಆ ವರ್ಷ ಜೂನ್ ತಿಂಗಳ ಆರಂಭದಲ್ಲಿ ಅಲ್ಲೇ ಇಂಗ್ಲಿಷರ ಪಡೆಯೊಡನೆ ಕಾದಾಡಿ ಸತ್ತವರು. ಮೊದಲ ವರ್ಷದವರು ಕೇಳುವುದು, ‘ಸ್ವಾತಂತ್ರ್ಯ ಹೋರಾಟಗಾರ ಅಂತ ಬರೀಬೇಕೋ ಬಂಡುಕೋರ ಅಂತ ಬರೀಬೇಕೋ, ಒಂದ ಹೇಳ್ರಿ’ ಎಂದು. ನಾನು ಅವರಿಗೆ 1884ರ ಧಾರವಾಡ ಜಿಲ್ಲಾ ಗೆಜೆಟಿಯರ್ ತೋರಿಸುತ್ತೇನೆ. ಅದು ಮುಂಬೈ ಸರ್ಕಾರದ ಪುಸ್ತಕ. ಪಕ್ಕದಲ್ಲೇ ಹಲಗಲಿ ಬೇಡರ ಲಾವಣಿಯ ಮಾತು ಎತ್ತುತ್ತೇನೆ. ಇಂಗ್ಲಿಷರ ವಿರುದ್ಧ ಎದ್ದವರ ಆ ಹಾಡನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಇಂಗ್ಲಿಷ್ ಅಧಿಕಾರಿಯೇ ಆದ ಜೆ.ಎಫ್. ಫ್ಲೀಟ್ ಎಂದು ಹೇಳಿದಾಗ ತರಗತಿ ಗೊಂದಲಕ್ಕೆ ಬೀಳುತ್ತದೆ. ಮೂರನೇ ಸೆಮಿಸ್ಟರಿಗೆ ಬಂದಾಗ ಅದೇ ಮಕ್ಕಳು ಕೇಳುವ ಪ್ರಶ್ನೆ ಬೇರೆ: ‘ಇದನ್ನ ಬರದವರು ಯಾರ್ರಿ? ಯಾವಾಗ ಬರದ್ರು? ಭೀಮರಾಯನ ಕಡೆಯವರು ಏನರ ಬರದಿಟ್ಟಾರೇನ್ರಿ?’

ಸತ್ತುಹೋದವರ ಬಗ್ಗೆ ಹೀಗೆ ಕೇಳುವುದು ಸುಲಭ. ಕಣ್ಮುಂದಿನ ಸಂಗತಿಯಲ್ಲಿ ಅದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತಾದದ್ದು ಹಳ್ಳಿಗುಡಿಯ ಚರ್ಚೆಯಲ್ಲಿ.

ಹಳ್ಳಿಗುಡಿ ನಮ್ಮ ತಾಲ್ಲೂಕಿನ ಊರು. 2010ರ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಹಳ್ಳಿಗುಡಿ ಸುತ್ತಲಿನ ಸಾವಿರಾರು ಎಕರೆ ಹೊಲದಲ್ಲಿ ಉಕ್ಕಿನ ಕಾರ್ಖಾನೆ ಎಂಬ ಯೋಜನೆ ಬಂತು. ರೈತರು ಎದ್ದರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಆಗ ನನ್ನ ಈಗಿನ ವಿದ್ಯಾರ್ಥಿಗಳು ಇನ್ನೂ ಒಂದನೇ ಇಯತ್ತೆಗೂ ಹೋಗದ ಕೂಸುಗಳು. ಈಗ ಅವರು ನೌಕರಿಯ ಚಿಂತೆ ಮಾಡುವ ವಯಸ್ಸಿನವರು.

ತರಗತಿಯಲ್ಲಿ ಇದನ್ನೇ ಇಟ್ಟೆ: ಆ ತೀರ್ಮಾನ ಸರಿಯೇ?

ಒಬ್ಬ ಎದ್ದು ನಿಂತ. ‘ನಮ್ಮಣ್ಣ ತೋರಣಗಲ್ಲಿಗೆ ಉಕ್ಕಿನ ಫ್ಯಾಕ್ಟರಿಗೆ ದುಡಿಯಾಕ ಹೋಗ್ಯಾನ್ರಿ. ಹಬ್ಬಕ್ಕೂ ರಜಾ ಸಿಗಂಗಿಲ್ಲ. ಆ ಫ್ಯಾಕ್ಟರಿ ಇಲ್ಲೇ ಆಗಿದ್ರ ರಾತ್ರಿ ಮನೀಗೆ ಬಂದು ಉಣ್ತಿದ್ದ.’ ಹಿಂದಿನ ಬೆಂಚಿನಿಂದ ಒಬ್ಬಳು, ‘ಎರಿ ಹೊಲ ಹ್ವಾದ್ರ ಮತ್ತ ಎಲ್ಲಿಂದ ತರ್ತೀ? ಕಡ್ಲಿ, ಜ್ವಾಳ ಕಂಪನಿ ಬೆಳೀತೈತೇನ?’ ಎಂದಳು. ಗದ್ದಲವಾಯಿತು. ಇನ್ನೊಬ್ಬ, ‘ಹೋಗ್ಲಿ ಬಿಡ್ರಿ, ಅವರವರ ವಿಚಾರ ಅವರವರಿಗೆ ಖರೇ’ ಎಂದು ಕೂತ. ಪೆರಿ ಹೇಳಿದ ಎರಡನೇ ಹಂತ ಇದೇ. ಇಲ್ಲಿಗೇ ಬಿಟ್ಟರೆ ಮಾತು ಇಲ್ಲಿಗೇ ನಿಲ್ಲುತ್ತದೆ, ಸಂತೆಯಲ್ಲೂ ಟಿವಿಯಲ್ಲೂ ನಿಂತ ಹಾಗೆ. ಆದರೆ ಬಾಗಿಲ ಬಳಿ ಕೂತಿದ್ದ, ಯಾವಾಗಲೂ ಸುಮ್ಮನಿರುವ ಹುಡುಗಿ ಮೆಲ್ಲಗೆ ಕೇಳಿದಳು: ‘ಹೊಲ ಇದ್ದವರಿಗೆ ಒಂದೀಟು ರೊಕ್ಕರ ಬರ್ತಿತ್ತು. ನಮಗ ಹೊಲಾನ ಇಲ್ಲ. ಕಳೇವು ತಗಿಯಾಕ ಹೋಗಾಕಿ ನಮ್ಮವ್ವಗ ಕಂಪನಿ ಬಂದ್ರ ಏನು, ಬರದಿದ್ರ ಏನು? ಅದನ್ನ ಯಾರರ ಲೆಕ್ಕ ಹಾಕ್ಯಾರೇನ್ರಿ?’

ತೋರಣಗಲ್ಲಿನ ಮಾತೆತ್ತಿದ್ದ ಹುಡುಗನೂ ಎರಿ ಹೊಲದ ಹುಡುಗಿಯೂ ಅವಳ ಕಡೆ ತಿರುಗಿದರು. ಪರ, ವಿರೋಧ ಎಂದು ಎರಡೇ ಇದ್ದ ಜಾಗದಲ್ಲಿ ಇಬ್ಬರೂ ನೋಡದ ಮೂರನೆಯವಳು ಬಂದು ನಿಂತಿದ್ದಳು. ಅಲ್ಲಿಂದ ಮುಂದೆ ಚರ್ಚೆ ಬೇರೆಯಾಯಿತು. ಎಷ್ಟು ಎಕರೆ, ಎಷ್ಟು ನೌಕರಿ, ನೀರು ಎಲ್ಲಿಂದ, ತುಂಗಭದ್ರೆಯಿಂದಾದರೆ ಕೆಳಗಿನ ಊರಿನವರ ಪಾಡೇನು, ಕೂಲಿಯವರಿಗೆ ಪರಿಹಾರದ ನಿಯಮ ಇದೆಯೇ ಎಂದು ಅವರೇ ಪಟ್ಟಿ ಮಾಡಿದರು. ನಾನು ಬೋರ್ಡಿಗೆ ಬರೆದದ್ದಷ್ಟೇ. ಕಲಿಸುವವಳಾಗಿ ನನಗೆ ಅಂಥ ತೃಪ್ತಿ ಬಹಳ ಸಲ ಸಿಕ್ಕಿಲ್ಲ.

ಪೆರಿ ಮಾತಾಡಿಸಿದ್ದು ಹೆಚ್ಚಾಗಿ ಗಂಡುಮಕ್ಕಳನ್ನು. ಅದೊಂದು ಕೊರತೆ ಎಂದು ಹೇಳಿ, ಮೇರಿ ಬೆಲೆಂಕಿ ಮತ್ತು ಇನ್ನು ಮೂವರು ವಿದ್ವಾಂಸೆಯರು 135 ಮಹಿಳೆಯರನ್ನು ಮಾತಾಡಿಸಿ 1986ರಲ್ಲಿ ಇನ್ನೊಂದು ಪುಸ್ತಕ ಬರೆದರು. ಹೆಣ್ಣುಮಕ್ಕಳು ತಮ್ಮ ಬೆಳವಣಿಗೆಯನ್ನು ಹೇಳುವಾಗ ಮತ್ತೆ ಮತ್ತೆ ದನಿಯ ಮಾತನ್ನೇ ಆಡುತ್ತಾರೆ ಎಂಬುದು ಅವರ ಕಾಣ್ಕೆ. ಮೊದಲು ಮೌನ, ಆಮೇಲೆ ಬೇರೆಯವರ ಮಾತನ್ನೇ ತನ್ನದೆಂದು ಒಪ್ಪುವುದು, ಆಮೇಲೆ ಒಳಗಿನಿಂದ ತನ್ನದೇ ಮಾತು ಕೇಳಿಸತೊಡಗುವುದು. ನನ್ನ ಕಪಾಟಿನಲ್ಲಿರುವ ಹುಡುಗಿಯರ ಹಾಳೆಗಳಿಗೆ ಇದಕ್ಕಿಂತ ಹತ್ತಿರದ ವಿವರಣೆ ನಾನು ಎಲ್ಲೂ ಓದಿಲ್ಲ.

ಒಬ್ಬಳು ಬರೆದದ್ದು ಬಸ್ಸಿನ ಬಗ್ಗೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಜೀರೋ ಟಿಕೆಟ್. ಮುಂಡರಗಿಯಿಂದ ಗದಗಿಗೆ ಸುಮಾರು 40 ಕಿಲೋಮೀಟರ್. ಹದಿನೆಂಟು ದಾಟಿದ್ದರೂ ಅವಳು ಅಲ್ಲಿಗೆ ಹೋಗಿದ್ದು ಆಸ್ಪತ್ರೆಗೆ, ಮದುವೆ ಸಂತೆಗೆ, ಅದೂ ಹಿರಿಯರ ಬೆನ್ನ ಹಿಂದೆ. ಎರಡನೇ ಸೆಮಿಸ್ಟರಿನಲ್ಲಿ ಗೆಳತಿಯರೊಂದಿಗೆ ಗ್ರಂಥಾಲಯಕ್ಕೆಂದು ಹೋದಳು. ಮೂರನೆಯದರಲ್ಲಿ ಒಬ್ಬಳೇ ಹೋದಳು. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದನೆಂದು ಹೇಳುವ ಕಂಬದ ಬಳಿ ತಾನೂ ಸ್ವಲ್ಪ ಹೊತ್ತು ಕೂತಳಂತೆ. ‘ಯಾರೂ ಬೇಗ ಏಳು ಅನ್ನಲಿಲ್ಲ’ ಎಂಬ ಸಾಲಿಗೆ ಅವಳೇ ಅಡಿಗೆರೆ ಎಳೆದಿದ್ದಳು.

ಡಂಬಳದ ಹುಡುಗಿಯೊಬ್ಬಳದು ಬೇರೆ ಕಥೆ. ದೊಡ್ಡಬಸಪ್ಪನ ಗುಡಿ ಅವಳ ಓಣಿಯ ಗುಡಿ ಇದ್ದಂತೆ. ಅದರ ನಕ್ಷತ್ರಾಕಾರದ ತಳವಿನ್ಯಾಸಕ್ಕೆ 24 ಮೂಲೆ ಎಂಬುದನ್ನು ಅವಳು ಕೇಳಿದ್ದು ತರಗತಿಯಲ್ಲಿ. 1095ರ ಶಾಸನವೊಂದರ ಪ್ರಕಾರ ಅದೇ ಊರಿನಲ್ಲಿ ಬೌದ್ಧ ವಿಹಾರವಿತ್ತು, ತಾರಾದೇವಿಯ ಪೂಜೆ ನಡೆಯುತ್ತಿತ್ತು ಎಂದಾಗ ಅವಳು ನಂಬಲಿಲ್ಲ. ಆ ಸಂಜೆಯೇ ಹೋಗಿ ಗುಡಿಯ ಮೂಲೆಗಳನ್ನು ಎಣಿಸಲು ಶುರುಮಾಡಿದ್ದಾಳೆ. ಅಜ್ಜಿ ಬೈದಳಂತೆ, ಕೈಕಾಲು ತೊಳೆಯದೆ ಗುಡಿ ಸುತ್ತಾಡುತ್ತೀಯಾ ಎಂದು. ಆಮೇಲೆ ಅಜ್ಜಿಯೂ ಜೊತೆಗೆ ಎಣಿಸಿದ್ದಾಳೆ. ‘ನಮ್ಮೂರು ನನಗ ಗೊತ್ತೈತಿ ಅಂತ ತಿಳಕೊಂಡಿದ್ದೆ. ಈಗ ಊರು ದೊಡ್ಡದಾಗೈತಿ’ ಎಂದು ಬರೆದಿದ್ದಾಳೆ.

ಆದರೆ ಎಲ್ಲ ಹಾಳೆಗಳೂ ಹೀಗಿರುವುದಿಲ್ಲ. ನಡುವೆ ಕುಸಿಯುವವರೂ ಇದ್ದಾರೆ. ಮೊದಲ ವರ್ಷದ ಹುರುಪು ಇಳಿದಿರುತ್ತದೆ, ಕೊನೆ ಇನ್ನೂ ಕಾಣುತ್ತಿರುವುದಿಲ್ಲ. ಪೆರಿ ಇದನ್ನೂ ಗುರುತಿಸಿದ್ದರು. ಕೆಲವರು ಇದ್ದಲ್ಲೇ ಕಾಲೂರಿ ನಿಲ್ಲುತ್ತಾರೆ, ಕೆಲವರು ಹಳೆಯ ಖಚಿತ ಉತ್ತರಗಳಿಗೇ ಹಿಂದೆ ಸರಿಯುತ್ತಾರೆ, ಕೆಲವರು ಯಾವುದೂ ತಮಗೆ ಸಂಬಂಧವಿಲ್ಲವೆಂದು ಜಾರಿಕೊಳ್ಳುತ್ತಾರೆ ಎಂದಿದ್ದರು. ನಮ್ಮಲ್ಲಿ ಅದಕ್ಕೆ ಕಾರಣಗಳು ಇನ್ನೂ ಗಟ್ಟಿ. ಮೂರನೇ ಸೆಮಿಸ್ಟರ್ ನಡೆಯುವುದೇ ಉಳ್ಳಾಗಡ್ಡಿ ಕೀಳುವ, ಗೋವಿನಜೋಳದ ರಾಶಿ ಮಾಡುವ ಕಾಲದಲ್ಲಿ. ಆಳು ಸಿಗದ ಮನೆಯ ಹುಡುಗ ಹದಿನೈದು ದಿನ ಕಾಣೆಯಾಗುತ್ತಾನೆ, ಹಾಜರಿ ಶೇಕಡಾ 75 ಮುಟ್ಟುವುದಿಲ್ಲ. ಒಂದೆರಡು ವಿಷಯ ಉಳಿಯುತ್ತವೆ. ‘ಉಳದಾವ’ ಎಂಬ ನಾಚಿಕೆಯೇ ಅವನನ್ನು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಕಳಿಸಿಬಿಡುತ್ತದೆ. ಹುಡುಗಿಯರಿಗೆ ಕನ್ಯಾ ನೋಡಲು ಬರುವವರು ಶುರುವಾಗುವುದೂ ಇದೇ ಹೊತ್ತಿಗೆ. ಫೆಬ್ರುವರಿಯಲ್ಲಿ ತುಂಬಿದ ಬೆಂಚು ಮೇ ತಿಂಗಳಿಗೆ ಖಾಲಿಯಾಗುವುದನ್ನು ನೋಡುವುದು ನನಗೆ ಇವತ್ತಿಗೂ ಸಹಿಸಲಾಗದ ಸಂಕಟ.

ಅಂಥ ಒಬ್ಬಳನ್ನು ಉಳಿಸಿಕೊಳ್ಳಲು ಅವಳ ಮನೆಗೆ ಹೋಗಿದ್ದೆ. ತಂದೆ ಕಡಲೆ ಒಕ್ಕಿ ಬಂದು ಕೈಕಾಲು ತೊಳೆಯುತ್ತಿದ್ದರು. ಇನ್ನು ಒಂದೂವರೆ ವರ್ಷವಷ್ಟೇ ಎಂದು ನಾನು ಏನೇನೋ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ‘ಬಾಯಾರ, ಬಿತ್ತಿದ್ದನ್ನ ಊರು ನೋಡತೈತ್ರಿ, ರಾಶೀನೂ ನೋಡತೈತಿ. ನಡುವ ಎಡಿ ಹೊಡಿದಿದ್ರ ಬೆಳಿ ಬರಂಗಿಲ್ಲ. ಇದು ಎಡಿ ಹೊಡಿಯೋ ಹೊತ್ತು ಅಂತೀರಿ ನೀವು’ ಎಂದರು. ಹೌದ್ರಿ ಎಂದೆ. ಕನ್ಯಾ ನೋಡಲು ಬಂದವರಿಗೆ ಪರೀಕ್ಷೆ ಮುಗಿಯುವವರೆಗೆ ಕಾಯಲು ಹೇಳಿ ಕಳಿಸಿದರು. ಅವಳು ಈಗ ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ.

ನಡುವಿನಲ್ಲಿ ಏನೂ ಆಗುವುದಿಲ್ಲ, ಪದವಿ ಮುಗಿದ ಮೇಲೆ ಬದುಕು ಶುರು ಎನ್ನುವವರಿಗೆ ನಾನು ಗದಗ ತಾಲ್ಲೂಕಿನ ಹೊಂಬಳದ ಹುಡುಗನೊಬ್ಬನನ್ನು ತೋರಿಸುತ್ತೇನೆ. ಚೆನ್ನವೀರ ಕಣವಿ ಹುಟ್ಟಿದ್ದು 1928ರಲ್ಲಿ, ಅದೇ ಊರಿನಲ್ಲಿ. ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಅವರ ಮೊದಲ ಕವನ ಸಂಕಲನ ‘ಕಾವ್ಯಾಕ್ಷಿ’ ಬಂದದ್ದು 1949ರಲ್ಲಿ, ಎಂ.ಎ. ಮುಗಿಸಿದ್ದು 1952ರಲ್ಲಿ. ಓದು ಮುಗಿಯುವ ಮೊದಲೇ ಅವರು ಕವಿಯಾಗಿದ್ದರು. ಎಲ್ಲರೂ ಕಣವಿ ಆಗಬೇಕೆಂದು ನಾನು ಹೇಳುತ್ತಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಮಕ್ಕಳ ಒಳಗೆ ಇಂಥದ್ದು ನಡೆಯುತ್ತಿರಬಹುದು, ಅದನ್ನು ಕೇಳಿಸಿಕೊಳ್ಳಲು ಒಬ್ಬರಾದರೂ ಇರಬೇಕು ಎನ್ನುತ್ತಿದ್ದೇನೆ.

ಕಾಲೇಜುಗಳಿಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ವಿದ್ಯಾರ್ಥಿ ಕಲ್ಯಾಣ ಎಂಬ ಹೆಸರಿನಲ್ಲಿ ಸಮಿತಿಗಳು ಎಲ್ಲೆಡೆ ಇವೆ. ವರ್ಷದ ಸಮ್ಮೇಳನ, ಕ್ರೀಡಾಕೂಟಗಳ ಜೊತೆಗೆ ನಾಲ್ಕನೇ ಸೆಮಿಸ್ಟರಿನ ಮೊದಲ ವಾರ ಪ್ರತಿ ಅಧ್ಯಾಪಕರು ಒಂದಿಷ್ಟು ಮಕ್ಕಳನ್ನು ಕೂಡಿಸಿಕೊಂಡು ಅರ್ಧ ತಾಸು ಕೇಳಿಸಿಕೊಂಡರೆ ಸಾಕು. ಉಪದೇಶ ಮಾಡಬಾರದು ಎಂಬುದೊಂದೇ ನಿಯಮ. ಮನೆಯವರೂ ಎಷ್ಟು ಬಿತ್ತು ಎಂದು ಕೇಳುವ ಬದಲು, ಈ ವರ್ಷ ನಿನ್ನ ಯಾವ ವಿಚಾರ ಬದಲಾತು ಎಂದು ಒಮ್ಮೆ ಕೇಳಿ ನೋಡಲಿ. ಊಟಕ್ಕೆ ಕೂತಾಗ ಕೇಳಿದರೆ ಇನ್ನೂ ಒಳ್ಳೆಯದು. ಆಗ ಮಕ್ಕಳು ಮೊಬೈಲ್ ಕೆಳಗಿಡುತ್ತಾರೆ.

ನನ್ನ ತರಗತಿಯ ಹಾಳೆಗಳನ್ನು ನಾನು ಆರನೇ ಸೆಮಿಸ್ಟರ್ ಮುಗಿಯುವಾಗ ಮೇಜಿನ ಮೇಲೆ ಹರಡಿಬಿಡುತ್ತೇನೆ. ತಮ್ಮ ಅಕ್ಷರ ತಾವೇ ಗುರುತಿಸಿ ತೆಗೆದುಕೊಳ್ಳುತ್ತಾರೆ. ಈ ಸಲದ ಗುಂಪು ಅಲ್ಲಿಯವರೆಗೆ ಕಾಯಲು ಒಪ್ಪಿಲ್ಲ. ಬೋರ್ಡಿನ ಮೇಲಿನ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಹಳ್ಳಿಗುಡಿಗೆ ಹೋಗಿ ಅಲ್ಲಿಯವರನ್ನೇ ಕೇಳೋಣ ಎಂದಿದ್ದಾರೆ. ಪ್ರಾಂಶುಪಾಲರು ಒಪ್ಪಿದ್ದಾರೆ. ಮೊದಲು ಯಾರ ಮನೆಗೆ ಹೋಗಬೇಕು ಎಂದು ವಾದವಾಯಿತು. ಹೊಲ ಉಳಿಸಿಕೊಂಡವರ ಮನೆಗೆ ಎಂದು ಕೆಲವರು, ಮಗ ಊರು ಬಿಟ್ಟವರ ಮನೆಗೆ ಎಂದು ಕೆಲವರು. ಬಾಗಿಲ ಬಳಿ ಕೂರುವ ಹುಡುಗಿ ಈ ಸಲ ಮೆಲ್ಲಗೆ ಹೇಳಲಿಲ್ಲ. ‘ಕೂಲಿಗೆ ಹೋಗೋ ಹೆಣ್ಮಕ್ಕಳು ಸಂಜೀಕ ಆರರ ಮ್ಯಾಲೆ ಮನ್ಯಾಗ ಸಿಗ್ತಾರ್ರಿ. ನಾವು ಹಗಲೊತ್ತಿನ್ಯಾಗ ಹ್ವಾದ್ರ ಅವರ ಮಾತು ನಮಗ ಸಿಗಂಗಿಲ್ಲ’ ಎಂದಳು. ಹೊರಡುವ ಸಮಯವನ್ನು ಮಧ್ಯಾಹ್ನ ನಾಲ್ಕು ಗಂಟೆಗೆ ಬದಲಿಸಿದ್ದೇವೆ.